ಮೆಣಸು ಬೆಳೆಯುವ ಗೆಳೆಯನಿಗೆ, ಮಟ್ಟಾಂಚೇರಿಯಿಂದ

ಮಾರಾಯಾ,

ಮೆಣಸು ಕೊಯ್ಲಿನ ಗಡಿಬಿಡಿಯಲ್ಲಿ ನಿನಗೆ ಫೋನೆತ್ತಲೂ ಪುರುಸೊತ್ತಿಲ್ಲ ಅಂತ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮಪ್ಪಯ್ಯ ಪೇಪರಿನಲ್ಲಿ ದಿನಾ ‘ಕೊಚ್ಚಿನ್ ದರ’ ಹುಡುಕುತ್ತಿದ್ದರಲ್ಲ, ಆ ಕೊಚ್ಚಿಯ ಹಳೇ ಪೇಟೆ ಸುತ್ತುತ್ತಿದ್ದೇನೆ.

ಎರ್ನಾಕುಲಂನಿಂದ ಬೋಟು ಹತ್ತಿದ ಪ್ರವಾಸಿಗರೆಲ್ಲ ಇಳಿಯುವುದು ಫೋರ್ಟ್ ಕೊಚ್ಚಿಯಲ್ಲಿ. ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ವಾಸ್ಕೋ ಡ ಗಾಮನ ಗೋರಿ ಇದೆ. 1524ರಲ್ಲಿ ಈ ಊರಲ್ಲೇ ಸತ್ತ. ಆಮೇಲೆ ಎಲುಬನ್ನೂ ಪೋರ್ಚುಗಲ್ಲಿಗೆ ಸಾಗಿಸಿದರು, ಈಗ ಜನ ಫೋಟೋ ಹೊಡೆಯುವುದು ಖಾಲಿ ಗೋರಿಗೆ. ಚೀನಾ ಬಲೆ ಮಾತ್ರ ನಿಂತು ನೋಡುವಂಥದ್ದೇ. ಬಲೆ ತೂಗುವ ಮರದ ದಡದ ಕಡೆಯ ತುದಿಗೆ ಹಗ್ಗದಲ್ಲಿ ದೊಡ್ಡ ದೊಡ್ಡ ಕಲ್ಲು ಕಟ್ಟಿರುತ್ತಾರೆ. ನಾಲ್ಕೈದು ಜನ ಜಗ್ಗಿದಂತೆ ಕಲ್ಲು ಒಂದೊಂದಾಗಿ ನೆಲ ಮುಟ್ಟುತ್ತವೆ, ಅತ್ತ ಅಷ್ಟಗಲದ ಬಲೆ ನೀರಿನಿಂದೇಳುತ್ತದೆ. ನಾನು ನೋಡಿದ ಸಲ ಬಂದದ್ದು ಒಂದು ಹಿಡಿ ಮೀನು, ಒಂದು ಪ್ಲಾಸ್ಟಿಕ್ ಬಾಟಲಿ.

ನೀನು ನೋಡಬೇಕಾದ್ದು ಮಟ್ಟಾಂಚೇರಿಯ ಬಜಾರ್ ರೋಡು. ಹೆಂಚಿನ ಹಳೇ ಗೋದಾಮುಗಳು. ಮುಂಬಾಗಿಲು ರಸ್ತೆಗೆ, ಹಿಂಬಾಗಿಲು ಹಿನ್ನೀರಿಗೆ. ಮೊದಲೆಲ್ಲ ಮೂಟೆಗಳು ಹಿಂದಿನಿಂದ ದೋಣಿಗೆ ಹೋಗುತ್ತಿದ್ದವು, ಈಗ ಮುಂದೆ ಲಾರಿ ನಿಂತಿರುತ್ತದೆ. ಒಣಶುಂಠಿಯ ಘಾಟಿಗೆ ಸೀನು ತಡೆಯುವುದಿಲ್ಲ. ಒಂದು ಅಂಗಡಿಯಲ್ಲಿ ವ್ಯಾಪಾರಿ ಮೆಣಸನ್ನು ಅಂಗೈಗೆ ಸುರಿದುಕೊಂಡ, ಉಜ್ಜಿದ, ಹೊಟ್ಟು ಊದಿದ, ಎರಡು ಕಾಳು ಹಲ್ಲಿಗಿಟ್ಟು ಕಟಕ್ಕನೆ ಕಡಿದ. ಶಿರಸಿಯವನು ಅಂದೆ ನೋಡು, ಹೆಸರೂ ಕೇಳಲಿಲ್ಲ, ‘ನಿಮ್ಮ ಕಡೆ ಲೀಟರ್ ತೂಕ, ಅಂದರೆ ಒಂದು ಲೀಟರ್ ಅಳತೆ ಮೆಣಸು, ಎಷ್ಟು ಗ್ರಾಂ ಬರುತ್ತದೆ?’ ಅಂದ!

1341ರ ಪೆರಿಯಾರ್ ನೆರೆಯಲ್ಲಿ ಹಳೇ ಮುಜಿರಿಸ್ ಬಂದರು ಹೂಳಿನಲ್ಲಿ ಮುಚ್ಚಿ, ಕೊಚ್ಚಿಯ ಅಳಿವೆ ತೆರೆದುಕೊಂಡಿತಂತೆ. ಆಮೇಲೆ ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು ಸರದಿಯ ಮೇಲೆ ಬಂದದ್ದು ಈ ಕಾಳಿಗಾಗಿ. ನಮ್ಮ ಗೇರುಸೊಪ್ಪೆಯ ಚೆನ್ನಭೈರಾದೇವಿಗೆ ‘ಮೆಣಸಿನ ರಾಣಿ’ ಅಂತ ಹೆಸರಿಟ್ಟವರೂ ಅದೇ ಪೋರ್ಚುಗೀಸರು. ಅವಳದ್ದೊಂದು ಪಟವಾದರೂ ಇಲ್ಲಿರಬೇಕಿತ್ತು ಅನ್ನಿಸಿತು.

ರಸ್ತೆ ಮುಗಿಯುವಲ್ಲಿ ಅರಮನೆ, ಒಳಗೆ ಗೋಡೆ ತುಂಬ ರಾಮಾಯಣ. ಪಕ್ಕದ ಗಲ್ಲಿಯಲ್ಲಿ 1568ರ ಯಹೂದಿ ಸಿನಗಾಗ್. ಚಪ್ಪಲಿ ಬಿಟ್ಟು ಒಳಗೆ ಹೋದರೆ ಕಾಲಡಿ ಚೀನಾದಿಂದ ತಂದ ನೀಲಿ-ಬಿಳಿ ಟೈಲ್ಸು, ಎಲ್ಲ ಕೈಯಲ್ಲೇ ಬರೆದದ್ದು. ಪ್ರಾರ್ಥನೆಗೆ ಬರುವವರೇ ಉಳಿದಿಲ್ಲ. ಹೆಚ್ಚಿನವರು ಎಂದೋ ಇಸ್ರೇಲಿಗೆ ಹೋದರು.

ಮಳೆ ಹಿಡಿಯುವ ಮೊದಲು ಬಾ. ಶುಕ್ರವಾರ ಅರಮನೆ ಮುಚ್ಚಿರುತ್ತದೆ, ಶನಿವಾರ ಸಿನಗಾಗ್, ಅವೆರಡು ದಿನ ಬಿಡು. ಸ್ಯಾಂಪಲ್ಲಿಗೆ ಕಾಲು ಕೆಜಿ ಮೆಣಸು ಹಿಡಿದುಕೊಂಡು ಬಾ, ಆ ವ್ಯಾಪಾರಿಯ ಹತ್ತಿರ ನಿನ್ನ ತೋಟದ ಕಾಳನ್ನು ಬೇಕಾದ್ದಕ್ಕಿಂತ ಹೆಚ್ಚೇ ಹೊಗಳಿಟ್ಟಿದ್ದೇನೆ.

ನಿನ್ನವ