ಬೀಡಿನ ಬೆಂಚುಗಳಿಗೆ ಮಳೆಗಾಲದ ಬಣ್ಣ ಬೇಡ

ಮಾನ್ಯ ಸಂಪಾದಕರೇ,

ಕಲಬುರಗಿಯ ನಮ್ಮ ಬಡಾವಣೆಯ ಉದ್ಯಾನದಲ್ಲಿ ಬೀಡು ಕಬ್ಬಿಣದ, ಅಂದರೆ ಎರಕ ಹೊಯ್ದ ಕಬ್ಬಿಣದ, ಆರು ಬೆಂಚುಗಳೂ ಬಳ್ಳಿಯ ಚಿತ್ತಾರವಿರುವ ಕಟಾಂಜನವೂ ಇವೆ. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ ಹತ್ತಿರ ಬಂತೆಂದರೆ ಇವಕ್ಕೆ ತಪ್ಪದೆ ಹಸಿರು ಬಣ್ಣ ಬಳಿಯುತ್ತಾರೆ. ಕಾಳಜಿಯಿಂದ ಮಾಡುವ ಕೆಲಸವೇ ಆದರೂ ಹೊತ್ತು ಮತ್ತು ಕ್ರಮ ಎರಡೂ ತಪ್ಪಿರುವುದರಿಂದ ಬೆಂಚುಗಳು ಬಣ್ಣದ ಅಡಿಯಲ್ಲೇ ಸವೆಯುತ್ತಿವೆ.

ನಮ್ಮ ಕಡೆ ಸೆಪ್ಟೆಂಬರ್ ಜೋರು ಮಳೆಯ ತಿಂಗಳು. ಹಸಿ ಕಬ್ಬಿಣಕ್ಕೆ ಬಳಿದ ಬಣ್ಣ ನೀರನ್ನು ತಡೆಯುವ ಬದಲು ಒಳಗೇ ಹಿಡಿದಿಡುತ್ತದೆ. ಕಳೆದ ವಾರ ಒಂದು ಬೆಂಚಿನ ಕೈಯಾಸರೆಯ ಕೆಳಗೆ ಉಬ್ಬಿದ್ದ ಬಣ್ಣವನ್ನು ಉಗುರಿನಿಂದ ಎತ್ತಿದಾಗ ವರ್ಷವರ್ಷದ ಪದರಗಳು ಒಂದೇ ದಪ್ಪ ಹಕ್ಕಳೆಯಾಗಿ ಎದ್ದು ಬಂದವು. ಅಡಿಯಲ್ಲಿದ್ದ ಒದ್ದೆ ಕಂದು ಪುಡಿ ಬೆರಳಿಗೆ ಮೆತ್ತಿಕೊಂಡಿತು. ತುಕ್ಕು, ನಮ್ಮ ಮಾತಿನಲ್ಲಿ ಜಂಗು, ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದಲೇ ಬಣ್ಣವನ್ನು ಎಬ್ಬಿಸುತ್ತದೆ, ಕೀಲುಗಳನ್ನು ಸೀಳುತ್ತದೆ.

ಈ ಕೆಲಸಕ್ಕೆ ತಕ್ಕ ಕಾಲ ಶಿವರಾತ್ರಿಯಿಂದ ಯುಗಾದಿಯವರೆಗಿನ ಒಣ ದಿನಗಳು. ಅದಕ್ಕೂ ತಡವಾದರೆ ನಮ್ಮ ಬಿಸಿಲಿಗೆ ಕಬ್ಬಿಣ ಮುಟ್ಟಲಾಗದಷ್ಟು ಕಾದು, ಬಣ್ಣ ಹಿಡಿದುಕೊಳ್ಳುವ ಮೊದಲೇ ಮೇಲ್ಗಡೆ ಒಣಗಿಬಿಡುತ್ತದೆ. ಸಡಿಲಾದ ಬಣ್ಣವನ್ನೂ ಜಂಗನ್ನೂ ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆದು, ಬರಿ ಕಬ್ಬಿಣ ಕಂಡ ದಿನವೇ ಸತುವಿನ ಫಾಸ್ಫೇಟ್ ಪ್ರೈಮರ್ ಹಚ್ಚಬೇಕು, ಏಕೆಂದರೆ ಒಂದು ರಾತ್ರಿ ಬಿಟ್ಟರೂ ತೆಳು ಜಂಗು ಮತ್ತೆ ಕೂರಬಹುದು. ಅದರ ಮೇಲೆ ಎರಡು ಕೋಟ್ ಎನಾಮೆಲ್, ಅದೂ ಕಣ್ಣಿಗೆ ಬೀಳದ ಅಡಿಭಾಗಕ್ಕೂ ತಲುಪುವಂತೆ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಳೆಯ ಪದರಗಳಲ್ಲಿ ವಿಷಕಾರಿ ಸೀಸ ಇರಬಹುದಾದ್ದರಿಂದ ಅವನ್ನು ಕೆರೆಯುವ ಕಾರ್ಮಿಕರಿಗೆ ಮಾಸ್ಕ್ ಕೊಡಲೇಬೇಕು, ಮಕ್ಕಳನ್ನು ಆ ದಿನ ದೂರವಿಡಬೇಕು.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ನೋಯಿಸಿದೆ. ಬೆಂಚಿನ ಕಾಲುಗಳನ್ನು ಶಹಾಬಾದ್ ಕಲ್ಲಿನ ಹಾಸಿನ ನಡುವೆ ಸಿಮೆಂಟಿನಲ್ಲಿ ಹೂತಿದ್ದು, ಸಿಮೆಂಟು ತಗ್ಗಾಗಿರುವುದರಿಂದ ಪ್ರತಿ ಮಳೆಗೂ ಬುಡದಲ್ಲಿ ನೀರು ನಿಲ್ಲುತ್ತದೆ. ಹೋದ ಮಳೆಗಾಲದಲ್ಲಿ ಒಂದು ಕಾಲು ಅಲ್ಲಿಯೇ ಮುರಿಯಿತು. ವೆಲ್ಡಿಂಗ್ ಮಾಡಿಸಿದರು, ವಾರ ತುಂಬುವುದರೊಳಗೆ ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು ಕಾಣಿಸಿತು. ಬೀಡಿನಲ್ಲಿ ಶೇ 2ರಿಂದ 4ರಷ್ಟು ಇಂಗಾಲವಿದ್ದು, ಬಹುಪಾಲು ಗ್ರಾಫೈಟಿನ ಚಕ್ಕೆಗಳಾಗಿ ಹರಡಿರುವುದರಿಂದ ಅದು ಉಕ್ಕಿನಂತೆ ಬಾಗುವುದಿಲ್ಲ, ಒಡೆಯುತ್ತದೆ. ಒಂದೇ ಕಡೆ ಕಾಯಿಸಿ ಬೇಗ ಆರಲು ಬಿಟ್ಟರೆ ಬಿರುಕು ಬಿಡುತ್ತದೆ. ಇಡೀ ತುಂಡನ್ನು ಕಾಯಿಸಿ, ನಿಕಲ್ ರಾಡಿನಿಂದ ಬೆಸೆದು, ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸಬೇಕು, ಇಲ್ಲವೇ ಪಟ್ಟಿಯಿಟ್ಟು ಬೋಲ್ಟ್ ಬಿಗಿಯಬೇಕು. ಉಳಿದ ಕಾಲುಗಳ ಸುತ್ತ ಸಿಮೆಂಟನ್ನು ಹೊರಮುಖವಾಗಿ ಇಳಿಜಾರು ಮಾಡಿ ಸಂದನ್ನು ಮುಚ್ಚಿದರೆ ಅವು ಉಳಿಯುತ್ತವೆ.

ಆ ಮುರಿದ ಕಾಲು ಈಗಲೂ ಪಂಪ್ ಕೋಣೆಯ ಹಿಂದೆ ಬೇವಿನ ಬುಡದಲ್ಲಿ ಬಿದ್ದಿದೆ. ದಯವಿಟ್ಟು ಅದನ್ನು ಗುಜರಿಗೆ ಹಾಕಬಾರದೆಂದು ವಿನಂತಿಸುತ್ತೇನೆ. ಎರಕದವರು ಅದನ್ನೇ ಮಾದರಿಯಾಗಿಟ್ಟು ಮರಳಿನ ಅಚ್ಚು ತೆಗೆಯಬಲ್ಲರು. ಎರಕ ಆರುವಾಗ ಶೇ 1ರಷ್ಟು ಕುಗ್ಗುವುದರಿಂದ ಹೊಸ ಕಾಲು ತುಸು ಗಿಡ್ಡವಾಗಬಹುದು. ಅಡಿಗೆ ಒಂದು ತೆಳು ಬಿಲ್ಲೆ ಇಟ್ಟರೆ ಸಾಕು.

ಇತಿ,
ಒಬ್ಬ ಓದುಗ, ಕಲಬುರಗಿ