ಮಗಳೇ, ಆ ಬೋಲ್ಟುಗಳನ್ನು ಬಿಚ್ಚಿ ನೋಡು

ಪ್ರೀತಿಯ ಮಗಳೇ,

ಭಾನುವಾರ ನೀನು ಫೋನ್ ಇಟ್ಟ ಮೇಲೆ ನನಗೆ ಊಟ ಸೇರಲಿಲ್ಲ. "ಅಷ್ಟು ದೂರ ಇರುವ ಹುಡುಗಿಗೆ ಹಾಗೆ ಬೈಯುವುದಾ?" ಎಂದು ಅಮ್ಮ ಎರಡು ದಿನ ನನ್ನ ಹತ್ತಿರ ಮಾತೇ ಆಡಲಿಲ್ಲ. ಬೈದದ್ದು ತಪ್ಪು. "ನಿನಗೇನು ಗೊತ್ತು" ಎಂದದ್ದಂತೂ ದೊಡ್ಡ ತಪ್ಪು. ಆದರೆ ನಿನ್ನ ಹಾಯಿದೋಣಿಯ ವಿಷಯ ಬಿಡಲು ನನ್ನಿಂದ ಆಗುವುದಿಲ್ಲ. ಫೋನಿನಲ್ಲಿ ನನ್ನ ದನಿ ತಾನಾಗಿ ಜೋರಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಪಕ್ಕದ ಮನೆ ಹುಡುಗ ಇದರ ಫೋಟೋ ತೆಗೆದು ಕಳಿಸುತ್ತಾನೆ. ಮಂಗಳವಾರ ಬೋಟು ನೀರಿಗಿಳಿಯುವುದರ ಒಳಗೆ ಓದು.

ನೀನು ಕಳಿಸಿದ ನಾಲ್ಕು ಫೋಟೋ ದಿನಾ ತೆಗೆದು ನೋಡುತ್ತೇನೆ. ಇಂಗ್ಲೆಂಡಿನ ಪ್ಲಿಮತ್‌ನ ಆ ಚಳಿಯಲ್ಲಿ ಬೋಟಿನ ಅಡಿ ಮಲಗಿ, ಬೋಟು ಮುಂದೂಡುವ ಫ್ಯಾನ್ ಕೆರೆದದ್ದು ನನ್ನ ಮಗಳು ಎಂದು ಮೀನಿನ ದಕ್ಕೆಯಲ್ಲಿ ಸುಮಾರು ಜನರಿಗೆ ತೋರಿಸಿದ್ದೇನೆ. ಇಲ್ಲಿ ಮಳೆಗಾಲದಲ್ಲಿ ಮೀನುಗಾರಿಕೆ ಬಂದ್ ಇದ್ದಾಗ, ಮೇಲೆ ಎಳೆದ ಬೋಟುಗಳ ಹತ್ತಿರ ನೀನು ಬಂದು ನಿಲ್ಲುತ್ತಿದ್ದೆ. ನಾನು ನಿನ್ನನ್ನು ಮನೆಗೆ ಓಡಿಸಿ, ಸ್ಪ್ಯಾನರ್ ಹಿಡಿಯಲು ನಿನ್ನ ಚಿಕ್ಕಪ್ಪನ ಮಗನನ್ನು ಕರೆಯುತ್ತಿದ್ದೆ. ಅವನಿಗೆ ಅದರಲ್ಲಿ ಆಸಕ್ತಿಯೇ ಇರಲಿಲ್ಲ. ಈಗ ನೆನೆಸಿದರೆ ಬೇಜಾರಾಗುತ್ತದೆ ಮಗಾ.

ಮೊದಲ ಫೋಟೋದಲ್ಲಿ ಫ್ಯಾನಿನ ರೆಕ್ಕೆಯ ತುದಿ ಹೊಸ ತಾಮ್ರದ ಚೆಂಬಿನ ಹಾಗೆ ಕೆಂಪಗಿದೆ. ಅದು ಹೊಳಪಲ್ಲ. ಲೋಹದಲ್ಲಿದ್ದ ಸತು ಉಪ್ಪುನೀರಿಗೆ ಹೋಗಿ ಬರೀ ತಾಮ್ರ ಉಳಿದಿದೆ. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಹೊಡೆದು ನೋಡು. ಠಣ್ ಎಂದರೆ ಒಳಗೆ ಗಟ್ಟಿ ಇದೆ. ಡಬ್ ಎಂದರೆ ಆ ಫ್ಯಾನ್ ಬೇಡ. ಫ್ಯಾನ್ ತಿರುಗಿಸುವ ಉದ್ದ ಕಂಬಿ, ಅಂದರೆ ಶಾಫ್ಟಿಗೆ ಕಟ್ಟಿದ ಝಿಂಕ್ ತುಂಡು ಮಳೆಗಾಲದ ಬೆಲ್ಲದ ಹಾಗೆ ಕರಗಿದೆ, ಬೇರೆ ಲೋಹದ ಬದಲು ಅದು ಕರಗಲೆಂದೇ ಇರುವುದು. ಅರ್ಧ ಹೋದರೆ ಹೊಸದು ಹಾಕಬೇಕು. ಅದರ ಮೇಲೆ ಮಾತ್ರ ಪೇಂಟ್ ಬಳಿಯಬೇಡ. ಬೇರಿಂಗಿನ ಹತ್ತಿರ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲುಗಿಸು. ನಿನ್ನದು 25 ಮಿಲಿಮೀಟರ್ ಶಾಫ್ಟ್ ಅಲ್ವಾ? ಒಂದೂವರೆ ಮಿಲಿಮೀಟರ್ ಆಟ ಇದ್ದರೆ ಆ ರಬ್ಬರ್ ಬೇರಿಂಗ್ ಮುಗಿಯಿತು.

ನಾನು ಬೈದದ್ದು ಇದಕ್ಕೆಲ್ಲ ಅಲ್ಲ, ನಾಲ್ಕನೇ ಫೋಟೋ ನೋಡಿದ ಮೇಲೆ. ಎಂಜಿನ್ನಿಗೆ ಶಾಫ್ಟ್ ಸೇರಿಸುವ ಕಪ್ಲಿಂಗ್ ತುಂಬಾ ತುಕ್ಕು. ಅದನ್ನು ಶಾಫ್ಟಿಗೆ ಬಿಗಿಯುವ ಬೋಲ್ಟುಗಳ ತಲೆ ಗುಂಡಗಾಗಿದೆ. "ಈ ಸೀಸನ್ ನಡೆಯುತ್ತದೆ" ಎಂದೆ ನೀನು. ಆಮೇಲೆ ಹೇಳಿದೆ: "ಅಪ್ಪಯ್ಯ, ನಡುಸಮುದ್ರದಲ್ಲಿ ಲುಂಗಿ ತುರುಕಿ ಬೋಟು ಉಳಿಸಿದವರು ನೀವು. ಇಷ್ಟಕ್ಕೆ ಹೆದರುವುದಾ?"

ಆ ರಾತ್ರಿಯ ಕಥೆ ನಿನಗೆ ಬಾಯಿಪಾಠ, ಮತ್ತೆ ಹೇಳುವುದಿಲ್ಲ. ಆದರೆ ಅದರ ಹಿಂದಿನ ಜೂನ್ ತಿಂಗಳ ಒಂದು ಮಧ್ಯಾಹ್ನದ ಸಂಗತಿ ನಾನು ಯಾರಿಗೂ ಹೇಳಿಲ್ಲ, ಅಮ್ಮನಿಗೂ.

ಮಳೆ ಜೋರಾಗಿತ್ತು. ಬೋಟಿನ ಹೊಟ್ಟೆಯೊಳಗೆ ನಾನೊಬ್ಬನೇ ಕಪ್ಲಿಂಗ್ ಕೂಡಿಸುತ್ತಿದ್ದೆ. ಎರಡು ಬೋಲ್ಟಿನ ಥ್ರೆಡ್ ಸವೆದಿತ್ತು. ಬಿಗಿಯುವಾಗ ಸ್ಪ್ಯಾನರ್ ಕೊನೆಯಲ್ಲಿ ಮೆತ್ತಗೆ ಜಾರಿದ್ದು ಈಗಲೂ ಅಂಗೈಯಲ್ಲಿ ನೆನಪಿದೆ. ಹೊಸದು ತರಲು ಅಂಗಡಿಗೆ ಹತ್ತು ನಿಮಿಷದ ದಾರಿ. ನಾನು ಹೋಗಲಿಲ್ಲ. ಒಂದು ಸೀಸನ್ ನಡೆಯುತ್ತದೆ ಎಂದುಕೊಂಡೆ. ಹೌದು, ನೀನು ಹೇಳಿದ ಅದೇ ಮಾತು.

ಸೆಪ್ಟೆಂಬರಿನಲ್ಲಿ ಫ್ಯಾನಿಗೆ ಬಲೆ ಸಿಕ್ಕಿತು. ಬಿಡಿಸಲು ರಿವರ್ಸ್ ಹಾಕಿದೆವು. ರಿವರ್ಸಿನಲ್ಲಿ ಫ್ಯಾನ್ ಶಾಫ್ಟನ್ನು ಹಿಂದಕ್ಕೆ ಎಳೆಯುತ್ತದೆ. ಬಿಗಿ ಇಲ್ಲದ ಕಪ್ಲಿಂಗ್ ಅದನ್ನು ಬಿಟ್ಟುಕೊಟ್ಟಿತು. ಫ್ಯಾನ್ ಹೋಗಿ ಚುಕ್ಕಾಣಿಗೆ ಬಡಿಯಿತು. ಶಾಫ್ಟಿನ ಒಳತುದಿ, ನೀರು ಒಳಗೆ ಬರದ ಹಾಗೆ ಅದರ ಸುತ್ತ ಬಿಗಿದ ಗ್ಲ್ಯಾಂಡ್ ದಾಟಿ ಹಿಂದಕ್ಕೆ ಹೋಯಿತು. ಅದು ಇದ್ದ ಜಾಗದಲ್ಲಿ ನನ್ನ ತೋಳು ತೂರುವಷ್ಟು ತೂತು, ಲುಂಗಿ ತುರುಕಿದ್ದು ಅಲ್ಲಿಗೇ. ದೂರದಲ್ಲಿ ಕಾಪು ದೀಪಸ್ತಂಭದ ಬೆಳಕು ಬಂದು ಬಂದು ಹೋಗುತ್ತಿತ್ತು. ಬೋಟಿನಲ್ಲಿ ಎಂಟು ಜನ.

"ಬಲೆ ಎಳೆಯಿತು, ದೇವರು ಕಾಪಾಡಿದ" ಎಂದು ಮಾರನೇ ದಿನ ಎಲ್ಲರಿಗೂ ಹೇಳಿದೆ. ಬಲೆ ಫ್ಯಾನಿಗೆ ಸಿಕ್ಕುವುದು ವರ್ಷಕ್ಕೆ ನಾಲ್ಕು ಸಲ ಇದ್ದದ್ದೇ. ಅದಕ್ಕೆ ಶಾಫ್ಟ್ ಕಳಚುವುದಿಲ್ಲ. ಎಂಟು ಜನ ಮುಳುಗಬೇಕಾಗಿದ್ದದ್ದು ನಾನು ಹೋಗದ ಆ ಹತ್ತು ನಿಮಿಷದ ದಾರಿಯಿಂದ. ಶಾಲೆಯಲ್ಲಿ ನೀನು ಆ ಕಥೆ ಹೇಳಿ ಎಲ್ಲರೂ ಚಪ್ಪಾಳೆ ಹೊಡೆದರು ಎಂದು ಬಂದೆಯಲ್ಲ, ಆ ದಿನವೇ ಹೇಳಬೇಕಿತ್ತು. ಬಾಯಿ ಬರಲಿಲ್ಲ.

ಅದಕ್ಕೇ ಕೇಳು. ಆ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚು. ಹಳೆಯದು ಎಷ್ಟೇ ಚೆನ್ನಾಗಿ ಕಂಡರೂ ಹೊಸದು ಹಾಕು. ತಾನಾಗಿ ತಿರುಗದ ಹಾಗೆ ತಂತಿ ಕಟ್ಟು. ಒಳಗೆ ಗ್ಲ್ಯಾಂಡಿನ ಮುಂದೆ, ಸ್ವಲ್ಪ ಜಾಗ ಬಿಟ್ಟು, ಶಾಫ್ಟಿಗೆ ಇನ್ನೊಂದು ಝಿಂಕ್ ಬಿಗಿ. ಕಪ್ಲಿಂಗ್ ಕೈಬಿಟ್ಟರೂ ಶಾಫ್ಟ್ ಅಲ್ಲೇ ತಡೆದು ನಿಲ್ಲುತ್ತದೆ. ನಮ್ಮ ಬೋಟಿನಲ್ಲಿ ಅಷ್ಟಿದ್ದರೆ ಸಾಕಿತ್ತು.

ಶಾಫ್ಟ್ ಹೊರಗೆ ಎಳೆದಾಗ, ಅದರಲ್ಲಿ ಗ್ಲ್ಯಾಂಡಿನ ಪ್ಯಾಕಿಂಗ್ ಕೂರುವ ಜಾಗ ಉಗುರಿನಿಂದ ಸವರಿ ನೋಡು. ತುಕ್ಕು ಹಿಡಿಯದ ಸ್ಟೀಲ್ ಕೆಡದೆ ಇರಲು ಗಾಳಿಯಾಡುವ ನೀರು ಬೇಕು. ಶಾಫ್ಟ್ ಹಾದುಹೋಗುವ ಟ್ಯೂಬಿನಲ್ಲಿ ನಿಂತ ನೀರಿನಲ್ಲಿ ಅದರ ಮೇಲೆ ಸಣ್ಣ ಸಣ್ಣ ಗುಂಡಿ ಬೀಳುತ್ತದೆ. ನಮ್ಮ ಬೋಟು ದಿನಾ ಓಡುತ್ತದೆ. ನಿಮ್ಮ ಹಾಯಿದೋಣಿ ವಾರಗಟ್ಟಲೆ ಸುಮ್ನೆ ನಿಂತಿರುತ್ತದೆ, ಅದಕ್ಕೇ ಈ ಕಾಟ ಜಾಸ್ತಿ.

ಫ್ಯಾನ್ ಕೂರಿಸುವಾಗ ಮೊದಲು ಕೀಲಿ (ಫ್ಯಾನ್ ಶಾಫ್ಟಿನ ಮೇಲೆ ಜಾರದ ಹಾಗೆ ಇಡುವ ಲೋಹದ ತುಂಡು) ಇಲ್ಲದೆ ಒತ್ತಿ, ಎಲ್ಲಿಗೆ ಬಂತೋ ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆ. ಆಮೇಲೆ ಕೀಲಿ ಹಾಕಿ ಕೂರಿಸು. ಅದೇ ಗೆರೆಗೆ ಬರಬೇಕು. ಕೂದಲೆಳೆಯಷ್ಟು ಹಿಂದೆ ನಿಂತರೂ ಫ್ಯಾನ್ ಕೀಲಿಯ ಮೇಲೆ ಕುಳಿತಿದೆ, ಶಾಫ್ಟಿನ ಮೇಲಲ್ಲ ಎಂದು ಅರ್ಥ. ನಟ್ಟು ಎಷ್ಟು ಬಿಗಿದರೂ ಅದು ನಿಲ್ಲುವುದಿಲ್ಲ. ಎಂಜಿನ್ ಮತ್ತು ಶಾಫ್ಟ್ ನೇರ ಇದೆಯಾ ಎಂದು ನೆಲದ ಮೇಲೆ ನೋಡಿದ್ದು ಸಾಲದು. ನೀರಿನಲ್ಲಿ ಬೋಟಿನ ಮೈ ಬೇರೆ ರೀತಿ ಕೂರುತ್ತದೆ. ಎರಡು ದಿನ ತೇಲಲಿ, ಆಮೇಲೆ ಕಪ್ಲಿಂಗಿನ ಸಂದಿ ಅಳೆಯಲು ಫೀಲರ್ ಗೇಜ್ ಹಿಡಿ.

ನಿನಗೆ ಗೊತ್ತಿರುವುದನ್ನೇ ಎಷ್ಟೋ ಹೇಳಿದೆನೇನೋ. ನೀವು ಹೋಗುವ ಫ್ರಾನ್ಸಿನ ರಾಸ್ಕಾಫ್ ತನಕ ಸುಮಾರು ನೂರು ನಾಟಿಕಲ್ ಮೈಲಿ, ನಡುವೆ ದೊಡ್ಡ ಹಡಗುಗಳು ಹೋಗುವ ದಾರಿ ಎಂದು ಅಳಿಯಂದಿರು ಮ್ಯಾಪ್ ಕಳಿಸಿದ್ದಾರೆ. ಹೋಗಬೇಡ ಎಂದು ನಾನು ಹೇಳುವುದಿಲ್ಲ. ಅಮ್ಮ ಹೇಳುತ್ತಾಳೆ, ಅವಳಿಗೆ ನೀನೇ ಸಮಾಧಾನ ಮಾಡು.

ಮಂಗಳವಾರ ಬೋಟು ನೀರು ಮುಟ್ಟಿದ ಕೂಡಲೇ ಕ್ರೇನಿನ ಬೆಲ್ಟ್ ಬಿಚ್ಚಲು ಬಿಡಬೇಡ. ಒಳಗೆ ಇಳಿದು ಗ್ಲ್ಯಾಂಡಿನ ಕೆಳಗೆ ಕೈ ಹಿಡಿ. ಹನಿ ಬಿದ್ದರೆ ಹೆದರಬೇಡ, ಧಾರೆಯಾದರೆ ಮೇಲೆತ್ತಲು ಹೇಳು. ಅಲ್ಲಿ ಬೆಳಿಗ್ಗೆ ಹತ್ತು ಗಂಟೆ ಎಂದರೆ ಇಲ್ಲಿ ಮಧ್ಯಾಹ್ನ ಮೂರೂವರೆ. ನಾನು ಮನೆಯಲ್ಲೇ ಇರುತ್ತೇನೆ. ಬಿಚ್ಚಿದ ಹಳೇ ಬೋಲ್ಟುಗಳ ಫೋಟೋ ಕಳಿಸು.

ನಿನ್ನ,
ಅಪ್ಪಯ್ಯ