ಪ್ರಮೋಷನ್ ಬಂತು, ಥ್ಯಾಂಕ್ಸ್ ಹೇಳೋದು ಬಾಕಿ ಇತ್ತು

ಹೋದ ವಾರ ಸೀನಿಯರ್ ಅಕಾಡೆಮಿಕ್ ಅಡ್ವೈಸರ್ (ಯಾವ ಕೋರ್ಸ್ ತಗೋಬೇಕು, ಡಿಗ್ರಿ ಹೇಗೆ ಮುಗಿಸ್ಬೇಕು ಅಂತ ಕಾಲೇಜ್ ಸ್ಟೂಡೆಂಟ್ಸ್‌ಗೆ ದಾರಿ ತೋರಿಸೋ ಕೆಲಸ) ಅಂತ ಪ್ರಮೋಷನ್ ಲೆಟರ್ ಕೈಗೆ ಬಂತು. ಅಮ್ಮಂಗೆ ಫೋನ್ ಮಾಡಿ ಹೇಳಿದ್ರೆ "ಒಳ್ಳೇದಾಯ್ತು ಪುಟ್ಟಿ, ಇನ್ಮೇಲಾದ್ರೂ ಪಾಠ ಮಾಡೋಕೆ ಬಿಡ್ತಾರಾ?" ಅಂದ್ರು. ಪಾಪ, ತಿಪಟೂರು ಕಡೆ ಕಾಲೇಜಲ್ಲಿ ಕೆಲಸ ಅಂದ್ರೆ ಒಂದೋ ಲೆಕ್ಚರರ್ ಇಲ್ಲಾ ಆಫೀಸ್ ಕ್ಲರ್ಕ್, ಮಧ್ಯೆ ಇಂಥದ್ದೊಂದು ಕೆಲಸ ಇದೆ ಅಂತ ಅಮೆರಿಕಾಗೆ ಬರೋವರೆಗೂ ನಂಗೂ ಗೊತ್ತಿರ್ಲಿಲ್ಲ. ನಮ್ ಡಿಗ್ರಿ ಕಾಲೇಜಲ್ಲೂ ಮೆಂಟರ್ ಅಂತ ಒಬ್ರಿದ್ರು, ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್ ಟೀಮ್ ಬರೋ ಮುಂಚೆ ಒಂದು ಬುಕ್ಕಲ್ಲಿ ನಮ್ಮತ್ರ ಸೈನ್ ಹಾಕಿಸ್ಕೊಳ್ತಿದ್ರು, ಅಷ್ಟೇ ಪರಿಚಯ.

ಇಲ್ಲಿ ಒಹಾಯೋದಲ್ಲಿ ಮಾಸ್ಟರ್ಸ್ ಮಾಡುವಾಗ ಅಡ್ವೈಸಿಂಗ್ ಆಫೀಸಲ್ಲಿ ಓದಿನ ಜೊತೆ ಮಾಡೋ ಅಸಿಸ್ಟೆಂಟ್‌ಶಿಪ್ ಸಿಕ್ತು, ಅಲ್ಲಿ ನಂಗೆ ಕೆಲಸ ಕಲಿಸಿದ ಸೀನಿಯರ್‌ಗೆ ಮೊದಲ ಥ್ಯಾಂಕ್ಸ್. ಮ್ಯಾನುಯಲ್ ಕೊಟ್ಟು ಓದ್ಕೋ ಅನ್ನದೆ ಪಕ್ಕದಲ್ಲೇ ಕುರ್ಚಿ ಹಾಕಿ ಕೂರಿಸ್ಕೊಂಡ್ರು. ಸೆಮಿಸ್ಟರ್ ಶುರುವಾದ ವಾರ ಒಬ್ಬ ಹುಡುಗ ಬಂದು ಕೆಮಿಸ್ಟ್ರಿ ಡ್ರಾಪ್ ಮಾಡ್ಬೇಕು ಅಂದ. ಇವರು ಫಾರ್ಮ್ ಮುಟ್ಟಲೇ ಇಲ್ಲ, ಮಾನಿಟರ್ ಪಕ್ಕಕ್ಕೆ ತಿರುಗಿಸಿ "ನಿದ್ದೆ ಸರಿಯಾಗಿ ಮಾಡ್ತಿದೀಯಾ?" ಅಂತ ಕೇಳಿದ್ರು. ರಾತ್ರಿ ಎರಡರವರೆಗೆ ಗೋಡೌನಲ್ಲಿ ಶಿಫ್ಟ್ ಅಂತೆ, ಬೆಳಿಗ್ಗೆ ಎಂಟಕ್ಕೆ ಲ್ಯಾಬ್, ಎಲ್ಲಿಂದ ತಲೆಗೆ ಹತ್ತಬೇಕು ಹೇಳಿ. ಆ ಕೋರ್ಸ್ ಬಿಟ್ರೆ 12 ಕ್ರೆಡಿಟ್‌ಗಿಂತ ಕೆಳಗೆ ಹೋಗ್ತಾನೆ, ಆಗ ಫುಲ್ ಟೈಮ್ ಸ್ಟೂಡೆಂಟ್ ಅಲ್ಲ, ಓದೋಕೆ ಸಿಗೋ ಏಡ್ ದುಡ್ಡಿಗೆ ಕತ್ತರಿ ಬೀಳಬಹುದು. ಇದನ್ನೆಲ್ಲ ಅವನಿಗೆ ಬಿಡಿಸಿ ಹೇಳಿ ಮಧ್ಯಾಹ್ನದ ಲ್ಯಾಬಿಗೆ ಹಾಕಿಸಿದ್ರು, ಡ್ರಾಪ್ ಮಾತು ಅಲ್ಲಿಗೇ ನಿಂತೋಯ್ತು. ಡಿಗ್ರಿಗೆ ಬೇಕಾದ 120 ಕ್ರೆಡಿಟ್ ಲೆಕ್ಕ ಸಾಫ್ಟ್‌ವೇರೇ ಹಾಕುತ್ತೆ, ಆದ್ರೆ ಗೋಡೌನ್ ವಿಷಯ ಅದಕ್ಕೆ ಯಾರು ಹೇಳ್ತಾರೆ?

ಆಮೇಲೆ ನಮ್ ಡೈರೆಕ್ಟರ್. ನನ್ ಡಿಗ್ರಿ ಸ್ಟೆಮ್ (ಸೈನ್ಸ್, ಟೆಕ್ನಾಲಜಿ, ಇಂಜಿನಿಯರಿಂಗ್, ಮ್ಯಾತ್ಸ್) ಅಲ್ಲ, ಹಾಗಾಗಿ ಓಪಿಟಿ, ಅಂದ್ರೆ ಓದು ಮುಗಿದ ಮೇಲೆ ಸ್ಟೂಡೆಂಟ್ ವೀಸಾದಲ್ಲೇ ಕೆಲಸ ಮಾಡೋ ಪರ್ಮಿಷನ್, 12 ತಿಂಗಳಷ್ಟೇ, ಸಾಫ್ಟ್‌ವೇರ್ ಫ್ರೆಂಡ್ಸ್‌ಗೆಲ್ಲ ಇನ್ನೂ 24 ತಿಂಗಳು ಎಕ್ಸ್‌ಟೆನ್ಷನ್. ಯೂನಿವರ್ಸಿಟಿಗಳು ಎಚ್‌-1ಬಿ ವರ್ಕ್ ವೀಸಾ ಲಾಟರಿಗೆ ಕಾಯ್ಬೇಕಾಗಿಲ್ಲ, ವರ್ಷಕ್ಕೆ ಇಷ್ಟೇ ವೀಸಾ ಅನ್ನೋ ಕ್ಯಾಪ್‌ನಿಂದ ಹೊರಗೆ ಇರುತ್ವೆ, ಆದ್ರೆ ಅಡ್ವೈಸರ್ ಪೋಸ್ಟಿಗೆ ಸ್ಪಾನ್ಸರ್ ಮಾಡೋ ರೂಢಿ ಇಲ್ಲ ಅಂತ ಎಚ್‌ಆರ್‌ನವರು ರಾಗ ಎಳೆದ್ರು. ಆ ಚಳಿಗಾಲ ಹೇಗೆ ಕಳೆದೆ ಅಂತ ರೂಮ್‌ಮೇಟ್‌ಗೆ ಗೊತ್ತು, ದಿನಾ ರಾತ್ರಿ ಅನ್ನ ಸಾರು ಮಾಡಿಟ್ಟಿರ್ತಿದ್ಲು, ಏನಾಯ್ತು ಅಂತ ಒಂದಿನಾನೂ ಕೇಳ್ಲಿಲ್ಲ. ಡೈರೆಕ್ಟರ್ ಮಾತ್ರ ಬಿಡ್ಲಿಲ್ಲ, ಲೆಟರ್ ಮೇಲೆ ಲೆಟರ್ ಬರೆದು, ಡೀನ್ ಹತ್ರ ಹೋಗಿ ಕೂತು, ವೀಸಾ ಪೆಟಿಷನ್ ಫೈಲ್ ಮಾಡಿಸಿದ್ರು. ಇಬ್ರಿಗೂ ಋಣ ತೀರಿಸೋಕಾಗಲ್ಲ.

ಇನ್ನೊಬ್ರಿಗೂ ಹೇಳ್ಬೇಕು, ಹೆಸರು ಬೇಡ. ಒಂದಿನ ಆಫೀಸಿಗೆ ಒಬ್ಬ ಸ್ಟೂಡೆಂಟ್‌ನ ಅಪ್ಪನ ಫೋನ್ ಬಂತು, ಆ ಕಡೆಯಿಂದ ಅಚ್ಚ ಕನ್ನಡ: "ವೆಬ್‌ಸೈಟಲ್ಲಿ ಹೆಸರು ನೋಡಿ ನಮ್ಮೋರು ಅನ್ನಿಸ್ತು ಮೇಡಂ, ಹುಡುಗ ಪಾಸಾಗಿದಾನಾ ಅಷ್ಟೇ ಹೇಳಿ, ನಿಮ್ ತಮ್ಮ ಅಂದ್ಕೊಳಿ." ಕರುಳು ಚುರುಕ್ ಅಂತು. ಆದ್ರೆ ಇಲ್ಲಿ ಫರ್ಪಾ ಅಂತ 1974ರ ಕಾನೂನಿದೆ, ಮಕ್ಕಳು ಕಾಲೇಜಿಗೆ ಸೇರಿದ ಮೇಲೆ ರೆಕಾರ್ಡ್ ಮೇಲಿನ ಹಕ್ಕು ಅವರದ್ದೇ, ಫೀಸು ಅಪ್ಪ ಕಟ್ಟಿದ್ರೂನು. "ಸರ್, ಅವನೇ ಸೈನ್ ಹಾಕಿಕೊಟ್ರೆ ಎಲ್ರೂ ಕೂತು ಮಾತಾಡೋಣ" ಅಂದೆ. ಅವರು ರೇಗಾಡಬಹುದಿತ್ತು, ರೇಗ್ಲಿಲ್ಲ. ಕೆಲವು ದಿನ ಆದ್ಮೇಲೆ ಅಪ್ಪ ಮಗ ಇಬ್ರೂ ವಿಡಿಯೋ ಕಾಲಲ್ಲಿ ಬಂದ್ರು, ಹುಡುಗನೇ ಬಾಯ್ಬಿಟ್ಟು ಎಲ್ಲಾ ಹೇಳ್ದ, ಅಪ್ಪ ಸುಮ್ನೆ ಕೇಳಿಸ್ಕೊಂಡ್ರು. ಸರ್, ಇದನ್ನ ಓದ್ತಿದ್ರೆ, ಆವತ್ತು ನನ್ ಮಾತಿಗೆ ಬೆಲೆ ಕೊಟ್ಟಿದ್ದಕ್ಕೆ ತುಂಬಾ ಥ್ಯಾಂಕ್ಸ್.

ಫ್ರಂಟ್ ಡೆಸ್ಕ್ ಆಂಟಿಗೆ (ಯಾರಿಗೆ ಅಪಾಯಿಂಟ್‌ಮೆಂಟ್ ಇಲ್ದೇನೂ ಒಳಗೆ ಬಿಡ್ಬೇಕು ಅಂತ ಮುಖ ನೋಡೇ ಹೇಳ್ತಾರೆ), ರಿಜಿಸ್ಟ್ರಾರ್ ಆಫೀಸಲ್ಲಿ ನನ್ ಇಮೇಲ್‌ಗಳನ್ನ ಸಹಿಸ್ಕೊಂಡವರಿಗೆ, 1979ರಿಂದ ನಡೀತಿರೋ ನಕಾಡಾ ಅನ್ನೋ ಅಡ್ವೈಸರ್‌ಗಳ ಸಂಘದಲ್ಲಿ ಸಿಕ್ಕ ಗೆಳತಿಯರಿಗೆ, ಎಲ್ರಿಗೂ ನಮಸ್ಕಾರ.

ಹೈಯರ್ ಎಜುಕೇಷನಲ್ಲಿ ಮಾಸ್ಟರ್ಸ್ ಮಾಡೋ ಯೋಚನೆ ಇರೋರು ಮೆಸೇಜ್ ಮಾಡಿ, ವೀಸಾ ಲೆಕ್ಕಾಚಾರ ಮೊದಲೇ ಕೂತು ಮಾತಾಡೋಣ. ಜೂನ್ ಪೂರ್ತಿ ಹೊಸಬರ ಓರಿಯೆಂಟೇಷನ್ ಇದೆ, ರಿಪ್ಲೈ ಲೇಟಾದ್ರೆ ಬೈಕೋಬೇಡಿ.